ಅಕ್ಕ ಬೈಗುಳ ಕಲಿತದ್ದು

ನಮ್ಮಕ್ಕನಿಗೆ ಬೈಯೋಕೆ ಬರುತ್ತಿರಲಿಲ್ಲ. ಹೊಗಳೋಕೆ ಹೇಳುತ್ತಿಲ್ಲ. ಅವಳ ಹೊಟ್ಟೆಪಾಡಿಗೆ ಅದೊಂದು ದೊಡ್ಡ ಕೊರತೆಯಾಗಿತ್ತು, ಅದಕ್ಕೆ ಹೇಳುತ್ತಿದ್ದೇನೆ.

ಅವಳು ಸಿನಿಮಾಗಳಿಗೆ ಧ್ವನಿ ಕೊಡುವವಳು. ಬೇರೆ ಭಾಷೆಯ ಸಿನಿಮಾ ಬಂದರೆ ಅದರಲ್ಲಿ ತುಟಿಯಾಡಿಸುವವರಿಗೆಲ್ಲ ನಮ್ಮ ಭಾಷೆಯಲ್ಲಿ ಮಾತು ತುಂಬಬೇಕಲ್ಲ, ಆ ಕೆಲಸ. ಧ್ವನಿ ಕೊಡೋದು ಅಂದ ತಕ್ಷಣ ನಾಯಕಿಗೆ ಅಂದುಕೊಳ್ಳಬೇಡಿ. ಅಕ್ಕನ ಪಾಲಿಗೆ ಬರುತ್ತಿದ್ದದ್ದು ಗುಂಪು. ರೈಲು ನಿಲ್ದಾಣದಲ್ಲಿ ಓಡಾಡೋ ಜನ, ಬೆಂಕಿ ಬಿದ್ದಾಗ ಕೂಗೋ ಜನ, ಆಸ್ಪತ್ರೆಯಲ್ಲಿ "ಡಾಕ್ಟರ್ ಬರ್ತಾ ಇದ್ದಾರೆ, ಗಾಬರಿಯಾಗ್ಬೇಡಿ" ಅನ್ನೋ ನರ್ಸು, ಪಕ್ಕದ ಕೋಣೆಯಲ್ಲಿ ಅಳೋ ಮಗು. ಒಬ್ಬಳೇ ನಿಂತು ಹತ್ತು ಜನರ ಗದ್ದಲ ಮಾಡುತ್ತಿದ್ದಳು. ಸ್ಟುಡಿಯೋದಲ್ಲಿ ಅವಳಿಗೆ ಹತ್ತುಬಾಯಿ ಅಂತಲೇ ಹೆಸರು. ಆ ಹತ್ತು ಬಾಯಿಯೂ ಮನೆಗೆ ಬಂದರೆ ಬೀಗ. ಯಾರಾದರೂ ಕಾಲು ತುಳಿದರೆ ಇವಳೇ "ಸಾರಿ" ಅನ್ನೋ ಜಾತಿ.

ಬಾಯಿ ಜೋರು ಅಂದರೆ ನಂದು. ನಾನು ಅವಳ ತಂಗಿ, ಮನೆಯಲ್ಲೇ ಹೊಲಿಗೆ ಹಾಕುತ್ತೇನೆ. ಅಳತೆ ಕೊಟ್ಟು ಹೋದ ಮೇಲೆ ದಪ್ಪಗಾಗಿ ಬಂದು "ಬಿಗಿಯಾಯ್ತು" ಅನ್ನುವವರ ಜೊತೆ ದಿನಾ ಏಗಬೇಕು. ಬಾಯಿ ಇಲ್ಲದಿದ್ದರೆ ಬದುಕೋಕಾಗುತ್ತಾ?

ನಮ್ಮದು ಎರಡನೇ ಮಹಡಿಯಲ್ಲಿ ಎರಡು ಕೋಣೆಯ ಮನೆ. ನಡುವೆ ಒಂದು ಓಣಿ, ಎದುರಿಗೆ ತಕ್ಕಡಿಯಮ್ಮನ ಬಾಗಿಲು. ಹೆಸರು ಬೇರೆ ಏನೋ ಇದೆ, ಅವರಿಗೂ ಮರೆತುಹೋಗಿರಬೇಕು. ಆಯಸ್ಸೆಲ್ಲ ಮಾರ್ಕೆಟ್ಟಿನಲ್ಲಿ ತರಕಾರಿ ಮಾರಿದವರು. ಕಾಲಿನ ಮಂಡಿ ಸೋತ ಮೇಲೆ ಮಾರ್ಕೆಟ್ ಬಿಟ್ಟರು, ತಕ್ಕಡಿ ಬಿಡಲಿಲ್ಲ. ಹಳೇ ಪಾಲುದಾರ ಬೆಳಿಗ್ಗೆ ಎರಡು ಬುಟ್ಟಿ ತರಕಾರಿ ಕಳಿಸಿಕೊಡುತ್ತಿದ್ದ. ಇವರು ಬಾಗಿಲ ಮುಂದೆ ಸ್ಟೂಲು ಹಾಕಿಕೊಂಡು ಕೂತು ಕಟ್ಟಡದವರಿಗೆಲ್ಲ ತೂಗಿ ಕೊಡುತ್ತಿದ್ದರು. ಮುಳ್ಳು ನೆಟ್ಟಗೆ ನಿಂತ ಮೇಲೂ ಒಂದು ಟೊಮೇಟೊ ಜಾಸ್ತಿ ಹಾಕುವ ಕೈ ಅದು.

ಬೈಗುಳದಲ್ಲಿ ಆಯಮ್ಮನನ್ನು ಮೀರಿಸುವವರು ಹುಟ್ಟಿಬರಬೇಕಿತ್ತು. ಮಾರ್ಕೆಟ್ಟಿನಲ್ಲಿ ಒಂದು ಲಾರಿ ರಿವರ್ಸ್ ಬಂದು ಇವರ ಈರುಳ್ಳಿ ರಾಶಿ ಕೆಡವಿತಂತೆ. ಇವರು ಶುರು ಹಚ್ಚಿಕೊಂಡರಂತೆ. ಡ್ರೈವರ್ ಇಳಿದು ಬಂದು ಒಂದೊಂದೇ ಈರುಳ್ಳಿ ಆಯ್ದು ಜೋಡಿಸಿಕೊಟ್ಟು, ಆಮೇಲೆ ಖಾಯಂ ಗಿರಾಕಿಯೇ ಆಗಿಬಿಟ್ಟನಂತೆ. ಆದರೆ ನಮ್ಮಿಬ್ಬರನ್ನು ಆಯಮ್ಮ ಒಂದು ದಿನವೂ ಗದರಿದ್ದಿಲ್ಲ. ಅಪ್ಪ ಅಮ್ಮ ಇಲ್ಲದ ಹುಡುಗಿಯರು ಗಂಟುಮೂಟೆ ಹೊತ್ತು ಈ ಮನೆಗೆ ಬಂದಾಗ, ನಲ್ಲಿ ಯಾವಾಗ ಬರುತ್ತೆ, ಯಾರ ಹತ್ತಿರ ಸಾಲ ಕೇಳಬಾರದು, ಎಲ್ಲ ಹೇಳಿಕೊಟ್ಟವರು ಅವರು. ಅಕ್ಕನನ್ನು ಕಂಡರೆ ಒಂದು ತೂಕ ಹೆಚ್ಚೇ. ಅವಳ ಗಂಟಲು ಕಟ್ಟಿದರೆ ಇವರಿಗೆ ನಿದ್ದೆ ಇಲ್ಲ. ಬಿಸಿನೀರಿಗೆ ಶುಂಠಿ ಜಜ್ಜಿ ಹಾಕಿ "ಮಗಳೇ, ಕುಡಿ" ಅಂತ ಬಾಗಿಲಿಗೆ ಬರುವರು. ನಮಗೆ ಈ ಭೂಮಿ ಮೇಲೆ ದೊಡ್ಡವರು ಅಂತ ಇದ್ದದ್ದು ಅವರೊಬ್ಬರೇ.

ಹೀಗಿರುವಾಗ ಆ ಸಿನಿಮಾ ಬಂತು. ಒಂದೇ ಗೋಡೆ ಹಂಚಿಕೊಂಡ ಎರಡು ಮನೆ. ಒಂದರಲ್ಲಿ ಮುದುಕಿ, ಇನ್ನೊಂದರಲ್ಲಿ ಹೊಸದಾಗಿ ಬಂದ ಗಂಡ ಹೆಂಡತಿ. ಬಟ್ಟೆ ಒಣಹಾಕುವ ಹಗ್ಗದಲ್ಲಿ ಜಗಳ ಶುರುವಾಗಿ, ಕಿಟಕಿ ಗಾಜಿಗೆ ಹೋಗಿ, ನಾಯಿಗೆ ವಿಷ ಹಾಕೋತನಕ ಬಂದು, ಕೊನೆಗೆ ಚಾಕುವಿಗೆ ಮುಟ್ಟುತ್ತೆ. ನೋಡುವವರು ಕುರ್ಚಿ ತುದಿಗೆ ಬರಬೇಕು, ಅಂಥದ್ದು. ಆ ಮುದುಕಿಯ ಪಾತ್ರಕ್ಕೆ ಅಕ್ಕನನ್ನು ಕರೆದರು. ಜೀವಮಾನದಲ್ಲಿ ಮೊದಲ ಸಲ ಶುರುವಿಂದ ಕೊನೇತನಕ ಒಬ್ಬಳದೇ ಬಾಯಿ! ಪರದೆ ಮೇಲೆ ಅವಳ ಹೆಸರೂ ಬರುತ್ತೆ ಅಂದರು. ಕುಣಿದಾಡಿಬಿಟ್ಟೆವು.

ಮೊದಲ ದಿನವೇ ಮುಖ ಜೋಲು ಹಾಕಿಕೊಂಡು ಬಂದಳು. ಡಬ್ಬಿಂಗ್ ಮಾಡಿಸುವ ಯಜಮಾನರಿಗೆ ದಪ್ಪ ಕನ್ನಡಕ, ನಾವು ಕನ್ನಡಕ ಅಂತಲೇ ಕರೆಯುತ್ತಿದ್ದೆವು. ಅವರು ಮೈಕು ಆಫ್ ಮಾಡಿ ಹೇಳಿದರಂತೆ: "ತಾಯಿ, ತುಟಿಗೆ ಮಾತು ಚೆನ್ನಾಗಿ ಕೂರಿಸ್ತೀರ, ಒಪ್ಕೋತೀನಿ. ಆದ್ರೆ ನಿಮ್ಮ ಬೈಗುಳದಲ್ಲಿ ಉಪ್ಪಿಲ್ಲ, ಖಾರ ಇಲ್ಲ. ಆ ಮುದುಕಿ ಕೊಲ್ಲೋಕೆ ಬರೋಳು. ನೀವು ಬೈದ್ರೆ ನೆಂಟ್ರನ್ನ ಊಟಕ್ಕೆ ಕರೆದ ಹಾಗಿದೆ." ಬರೋ ವಾರದೊಳಗೆ ಸರಿಹೋಗದಿದ್ದರೆ ಬೇರೆಯವರನ್ನು ನೋಡ್ತೀನಿ ಅಂತಲೂ ಅಂದರಂತೆ.

ಮಾತು ಬರೆದವನ ತಪ್ಪೂ ಇತ್ತು ಅನ್ನಿ. "ನೀನು ನರಕಕ್ಕೆ ಹೋಗುತ್ತೀಯ" ಅಂತ ಬರೆದಿದ್ದ. ಜಗಳದಲ್ಲಿ ಯಾರಾದ್ರೂ ಹಾಗಂತಾರಾ? ಬಸ್ಸು ಎಲ್ಲಿಗೆ ಹೋಗುತ್ತೆ ಅಂತ ಹೇಳಿದ ಹಾಗಿದೆ!

"ನನ್ನ ನೋಡಿ ಕಲಿಯೇ" ಅಂದೆ.

"ನಿನ್ನದು ಸಿಡುಕು ಕಣೆ. ಪಟ್ ಅಂತ ಸಿಡಿದು ಆರಿಹೋಗುತ್ತೆ. ಇದಕ್ಕೆ ಹೊಟ್ಟೆಯೊಳಗೆ ಕುದ್ದು ಬರೋದು ಬೇಕು" ಅಂದಳು. ನನಗೆ ಅವಮಾನವೇ ಆಯಿತು.

ಆಮೇಲೆ ಇಬ್ಬರಿಗೂ ಒಟ್ಟಿಗೇ ಹೊಳೆಯಿತು. ಬೆಣ್ಣೆ ಕೈಯಲ್ಲಿಟ್ಟುಕೊಂಡು ತುಪ್ಪಕ್ಕೆ ಅಲೆದ ಹಾಗಾಯ್ತಲ್ಲ ನಮ್ಮ ಕಥೆ ಅಂತ ಎದುರು ಬಾಗಿಲು ತಟ್ಟಿದೆವು. ತಕ್ಕಡಿಯಮ್ಮ ವಿಷಯ ಕೇಳಿ ಬಿದ್ದು ಬಿದ್ದು ನಕ್ಕರು. ಆಗಲಿ ಅಂತ ಸ್ಟೂಲಿನ ಮೇಲೆ ನೆಟ್ಟಗೆ ಕೂತು, ಗಂಟಲು ಸರಿಮಾಡಿಕೊಂಡು, ಅಕ್ಕನ ಮುಖ ನೋಡಿ "ಥೂ, ಮನೆಹಾಳಿ" ಅಂದರು. ಅಂದವರೇ ಕಿಸಕ್ಕನೆ ನಕ್ಕುಬಿಟ್ಟರು. ಮತ್ತೆ ಪ್ರಯತ್ನ ಮಾಡಿದರು. ಮುದ್ದು ಮಾಡಿದ ಹಾಗೇ ಬಂತು.

"ಆಗಲ್ಲ ಮಗಳೇ. ಸುಮ್ಮಸುಮ್ಮನೆ ಬಾಯಿಗೆ ಬರುತ್ತಾ ಅದು? ಒಡಲು ಉರೀಬೇಕು. ನಿನ್ನ ನೋಡಿದ್ರೆ ಎಲ್ಲಿ ಉರಿಯುತ್ತೆ ನನಗೆ?"

ಆ ಮಾತನ್ನು ಅಕ್ಕ ಬೇರೆ ಥರ ತಲೆಗೆ ಹಾಕಿಕೊಂಡಳು. ಒಡಲು ಉರಿದರೆ ಬರುತ್ತೆ ಅಂತಾಯ್ತಲ್ಲ. ಹಾಗಾದರೆ ಉರಿಸೋದು.

ಶುರು ಮಾಡಿದಳು. ಸಿನಿಮಾದಲ್ಲಿದ್ದ ಹಾಗೇ ಹಗ್ಗದಿಂದ. ಓಣಿಯ ಹಗ್ಗದಲ್ಲಿ ತಕ್ಕಡಿಯಮ್ಮ ಒಣಹಾಕಿದ್ದ ಬಟ್ಟೆಯನ್ನು ಒಂದು ಮೂಲೆಗೆ ತಳ್ಳಿ, ನೀರು ಸೋರುತ್ತಿದ್ದ ತನ್ನ ಹೊದಿಕೆ ಹರಡಿದಳು. ಅವರು ಬಂದು ನೋಡಿ, ತಮ್ಮ ಬಟ್ಟೆ ತೆಗೆದು ಒಳಗೆ ಕುರ್ಚಿ ಮೇಲೆ ಹಾಕಿಕೊಂಡರು. ಮರುದಿನ ಅವರ ಸ್ಟೂಲನ್ನು ಕಾಲಲ್ಲಿ ದೂಡಿ "ದಾರಿಗೆ ಅಡ್ಡ ಇಡ್ತೀರಲ್ಲ, ಮನುಷ್ಯರು ಓಡಾಡೋದು ಬೇಡ್ವಾ?" ಅಂದಳು. ತಕ್ಕಡಿಯಮ್ಮ ಎದ್ದು ಬಂದು ಇವಳ ಹಣೆ ಮುಟ್ಟಿ ನೋಡಿ, "ಜ್ವರ ಗಿರ ಏನಾದ್ರೂ ಬಂದಿದ್ಯಾ ಮಗಳೇ?" ಅಂದರು. ಸಂಜೆ ಶುಂಠಿನೀರು ಬಂತು.

"ಸಾಕು ಬಿಡೇ, ಕಲ್ಲಿನಿಂದ ನಾರು ತೆಗೆಯೋಕಾಗಲ್ಲ" ಅಂದೆ. ವಾರ ಮುಗಿಯುತ್ತಾ ಬಂದಿತ್ತು.

ಆ ಬೆಳಿಗ್ಗೆ ನಾನು ಮಿಷಿನ್ನಿಗೆ ದಾರ ಪೋಣಿಸುತ್ತಾ ಕೂತಿದ್ದೆ, ಬಾಗಿಲು ತೆರೆದಿತ್ತು. ತಕ್ಕಡಿಯಮ್ಮ ಅಕ್ಕನಿಗೆ ಬೀನ್ಸ್ ತೂಗಿ ಕೊಟ್ಟರು. ಅಕ್ಕ ಚೀಲವನ್ನು ಕೈಯಲ್ಲೇ ಎತ್ತಿ ನೋಡಿ, ಸ್ಟುಡಿಯೋದಲ್ಲಿ ಹೊರಡಿಸುವಂಥ ಸ್ಪಷ್ಟವಾದ ಗಂಟಲಲ್ಲಿ ಕೇಳಿದಳು: "ಇದು ಅರ್ಧ ಕೇಜಿನಾ? ತಟ್ಟೆ ಕೆಳಗೆ ಏನು ಅಂಟಿಸಿಟ್ಟಿದ್ದೀರ? ಇಷ್ಟು ವರ್ಷ ಎಷ್ಟು ಜನರ ಕಣ್ಣಿಗೆ ಮಣ್ಣೆರಚಿದ್ದೀರ?"

ನನ್ನ ಕೈಯಿಂದ ದಾರ ಬಿತ್ತು.

ತರಕಾರಿಯವರಿಗೆ ಏನು ಬೇಕಾದರೂ ಅನ್ನಿ, ಕೊಳೆತದ್ದು ಅನ್ನಿ, ದುಬಾರಿ ಅನ್ನಿ, ಬೇಜಾರಿಲ್ಲ. ತೂಕದಲ್ಲಿ ಮೋಸ ಅನ್ನಬಾರದು. ಅದನ್ನು ಹುಡುಕಿ ಹುಡುಕಿ ಅಂದಿದ್ದಳು ನಮ್ಮಕ್ಕ. ಮೆಟ್ಟಿಲ ಮೇಲೆ ಮೊದಲ ಮಹಡಿಯ ಗುಮಾಸ್ತರು, ಮೇಲಿನ ಮನೆ ಡ್ರೈವರ್ ಹೆಂಡತಿ ಚೀಲ ಹಿಡಿದು ಬರುತ್ತಿರೋದನ್ನು ಮಾತ್ರ ನೋಡಿಕೊಳ್ಳಲಿಲ್ಲ.

ತಕ್ಕಡಿಯಮ್ಮ ಸ್ಟೂಲಿನಿಂದ ಎದ್ದು ನಿಂತರು. ಆಮೇಲೆ ಬಂತು ನೋಡಿ. ಜೋರಾಗಿ ಬರಲಿಲ್ಲ, ಮೆಲ್ಲಗೆ ಶುರುವಾಯಿತು.

"ಮಗಳು ಅಂದೆನಲ್ಲೇ ನಿನ್ನ. ಮಗಳು ಅಂದೆನಲ್ಲ. ಯಾರ ಬಾಯಲ್ಲಿ ಬರಬಾರದೋ ಅದು ನಿನ್ನ ಬಾಯಲ್ಲಿ ಬಂತಾ? ನಿನ್ನ ನಾಲಿಗೆ ಬಿದ್ದುಹೋಗ! ಈ ತಟ್ಟೆಯಲ್ಲಿ ಒಂದು ಕಾಳು ಕಮ್ಮಿ ಕೊಟ್ಟಿದ್ರೆ ನನ್ನ ಎರಡು ಕಣ್ಣು ಇಂಗಿಹೋಗಲಿ. ಕೊಟ್ಟಿಲ್ಲದಿದ್ರೆ, ಅಂದವಳೇ, ನಿನ್ನ ಬಾಯಿಗೆ ಮಣ್ಣು ಬೀಳ, ನಿನ್ನ ಮನೆ ಹಾಳಾಗ! ಹಾವಿಗೆ ಹಾಲೆರೆದೆನಲ್ಲಪ್ಪಾ, ಕೈಯಾರೆ ಎರೆದೆನಲ್ಲ…"

ಮೇಲೆ ಮೇಲೆ ಹೋಯಿತು ಆ ಧ್ವನಿ. ಕಿರುಚಿದ್ದಲ್ಲ, ನಡುಗುತ್ತಾ ಏರಿದ್ದು. ಗೋಡೆಗೆ ಒರಗಿಸಿಟ್ಟಿದ್ದ ನನ್ನ ಬಟ್ಟೆ ಕತ್ತರಿಸುವ ಹಲಗೆ ಕೂಡ ನಡುಗಿದ ಹಾಗಿತ್ತು. ಗುಮಾಸ್ತರು ಮೆಟ್ಟಿಲಲ್ಲೇ ನಿಂತುಬಿಟ್ಟರು. ಬೈಗುಳ ಮುಗಿದ ಮೇಲೆ ಆಯಮ್ಮ ಸ್ಟೂಲಿನ ಮೇಲೆ ಕುಸಿದು, ತರಕಾರಿ ಮುಚ್ಚುವ ಗೋಣಿಯನ್ನೇ ಮುಖಕ್ಕೆ ಒತ್ತಿಕೊಂಡು ಅತ್ತರು. ಸಣ್ಣ ಮಕ್ಕಳ ಹಾಗೆ ಬಿಕ್ಕಿ ಬಿಕ್ಕಿ ಅತ್ತರು. ನಾನು ಓಡಿಹೋಗಿ ಹೆಗಲು ಹಿಡಿದೆ, ಕೈ ಕೊಡವಿದರು.

ಅಕ್ಕ? ಅಕ್ಕ ಒಳಗೆ ಹೋಗಿ ಕನ್ನಡಿ ಮುಂದೆ ನಿಂತಿದ್ದಳು. "ಮಗಳು ಅಂದೆನಲ್ಲೇ ನಿನ್ನ" ಅನ್ನುತ್ತಿದ್ದಳು. ಆಯಮ್ಮ ಎಲ್ಲಿ ಉಸಿರು ಎಳೆದರು, ಎಲ್ಲಿ ಗಂಟಲು ಹಿಡಿದುಕೊಂಡಿತು, ಅದನ್ನೇ ಮತ್ತೆ ಮತ್ತೆ ಕೂರಿಸಿಕೊಳ್ಳುತ್ತಿದ್ದಳು. ಕಣ್ಣಲ್ಲಿ ನೀರು ಸುರಿಯುತ್ತಿತ್ತು, ಬಾಯಿ ಮಾತ್ರ ಕೆಲಸ ಮಾಡುತ್ತಿತ್ತು.

"ನೀನು ಮನುಷ್ಯಳೇನೇ?" ಅಂದೆ. ನನಗೆ ಕೈ ಎತ್ತುವಷ್ಟು ಸಿಟ್ಟು ಬಂದಿತ್ತು.

"ಸಂಜೆ ಹೋಗಿ ಕಾಲು ಹಿಡ್ಕೊಂಡು ಎಲ್ಲಾ ಹೇಳ್ತೀನಿ ಕಣೆ. ಅವರಿಗೆ ಅರ್ಥ ಆಗುತ್ತೆ. ನಕ್ಕುಬಿಡ್ತಾರೆ. ಈಗ ಹೋಗಿ ಹೇಳಿದ್ರೆ ಇದು ನನ್ನ ಗಂಟಲಿಂದ ಜಾರಿಹೋಗುತ್ತೆ, ಬಿಡು." ಚಪ್ಪಲಿ ಮೆಟ್ಟಿಕೊಂಡು ಹೊರಟೇಬಿಟ್ಟಳು.

ಅವತ್ತು ಸ್ಟುಡಿಯೋದಲ್ಲಿ ನಡೆದದ್ದನ್ನು ಅವಳೇ ಆಮೇಲೆ ಹೇಳಿದ್ದು. ಗಾಜಿನ ಕೋಣೆ, ಫ್ಯಾನ್ ಇಲ್ಲ, ಕಿವಿಗೆ ಹೆಡ್‌ಫೋನು, ಸದ್ದು ಮಾಡುವ ಬಟ್ಟೆ ಉಡೋ ಹಾಗಿಲ್ಲ, ಕೈಗಡಿಯಾರ ಕೂಡ ಬಿಚ್ಚಿಡಬೇಕು. ಮುಂದಿನ ಪರದೆಯಲ್ಲಿ ಮುದುಕಿಯ ತುಟಿ ಆಡಿದಾಗ ಇವಳು ಆಡಬೇಕು, ನಿಂತಾಗ ನಿಲ್ಲಬೇಕು. ಬರೆದುಕೊಟ್ಟ ಹಾಳೆ ಪಕ್ಕಕ್ಕಿಟ್ಟು ತಕ್ಕಡಿಯಮ್ಮನ ಮಾತನ್ನೇ ತುಂಬಿದಳಂತೆ. "ಮಗಳು ಅಂದೆನಲ್ಲೇ ನಿನ್ನ" ಅನ್ನೋದು ಆ ಮುದುಕಿಯ ತುಟಿಗೆ ಅವಳೇ ಹೇಳಿದ ಹಾಗೆ ಕೂತಿತಂತೆ. ಕನ್ನಡಕ ಎದ್ದು ನಿಂತು, "ಎಲ್ಲಿಟ್ಟಿದ್ರಿ ತಾಯಿ ಇದನ್ನ?" ಅಂದರಂತೆ.

ಸಂಜೆ ಹೇಳಿದ ಹಾಗೇ ಹೋದಳು. ನಾನೂ ಹಿಂದೆ ಹೋದೆ. ಅಕ್ಕ ಕಾಲ ಬಳಿ ಕೂತು ಎಲ್ಲ ಹೇಳಿದಳು. ತಕ್ಕಡಿಯಮ್ಮ ಟಿವಿ ನೋಡುತ್ತಿದ್ದವರು ಟಿವಿ ಕಡೆಯೇ ನೋಡುತ್ತಾ ಕೇಳಿಸಿಕೊಂಡರು.

"ಕೆಲಸ ಆಯ್ತಾ?"

"ಆಯ್ತಮ್ಮ."

"ಒಳ್ಳೇದಾಯ್ತು." ಅಷ್ಟೇ. ನಗಲಿಲ್ಲ, ಬೈಯಲೂ ಇಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಅಲ್ಲಿಗೆ ಮುಗಿಯಿತು ಅಂದುಕೊಂಡೆವು. ಎಲ್ಲಿ ಮುಗಿಯುತ್ತೆ? ಆಡಿದ ಮಾತು ಒಡೆದ ಮುತ್ತು. ಗುಮಾಸ್ತರು ಮನೆಗೆ ಒಂದು ಪುಟ್ಟ ತೂಕದ ಯಂತ್ರ ತಂದರು, ಮೊಮ್ಮಗುವಿನ ಹಾಲಿನ ಪುಡಿ ಅಳೆಯೋಕೆ ಅಂತ ಹೇಳಿದರು. ತಕ್ಕಡಿಯಮ್ಮ ಕೊಟ್ಟ ಬಟಾಣಿಯನ್ನು ಅದರಲ್ಲಿ ತೂಗೋದನ್ನು ನಾನೇ ಅವರ ಕಿಟಕಿಯಿಂದ ನೋಡಿದೆ. ಡ್ರೈವರ್ ಹೆಂಡತಿ ತಕ್ಕಡಿಯಮ್ಮ ತೂಗುವಾಗ ಬಗ್ಗಿ ತಟ್ಟೆಯ ಕೆಳಗೆ ಕಣ್ಣು ಹಾಯಿಸಿದಳು. ಯಾರೋ ಒಬ್ಬರು "ಅಯ್ಯೋ, ಸ್ವಂತ ಮಗಳ ಥರ ಇದ್ದೋಳೇ ಹೇಳಿದ್ಲು ಅಂದ್ರೆ…" ಅಂದದ್ದು ಮೂರು ಮಹಡಿ ಸುತ್ತಿ ಬಂತು.

ಅಕ್ಕ ಹುಚ್ಚಿಯ ಹಾಗಾದಳು. ಬಾಗಿಲು ಬಾಗಿಲಿಗೆ ಹೋದಳು. "ನಾನು ಸುಳ್ಳು ಹೇಳಿದ್ದು, ಸಿನಿಮಾಗೋಸ್ಕರ ಬೇಕಂತಲೇ ಹೇಳಿದ್ದು" ಅಂತ ಎಲ್ಲರ ಮುಂದೆ ಕೈಮುಗಿದಳು. ಗುಮಾಸ್ತರು ತಲೆಯಾಡಿಸಿದರು: "ಬೆಂಕಿಯಿಲ್ಲದೆ ಹೊಗೆ ಬರುತ್ತೇನಮ್ಮ? ಹಿರಿಯರು ಅಂತ ಈಗ ಮುಚ್ಚಿಹಾಕ್ತಿದ್ದೀಯ. ನಿನ್ನದು ಒಳ್ಳೇ ಮನಸ್ಸು." ಡ್ರೈವರ್ ಹೆಂಡತಿಯಂತೂ ಕೆನ್ನೆ ಹಿಂಡಿ, "ಕಣ್ಣಲ್ಲಿ ನೀರು ಬೇರೆ! ಏನು ಚೆನ್ನಾಗಿ ಮಾಡ್ತೀಯೇ ನೀನು" ಅಂದಳು. ಸುಳ್ಳು ಹೇಳಿದಾಗ ಎಲ್ಲರೂ ನಂಬಿದರು. ನಿಜ ಹೇಳಿದಾಗ ನಟನೆ ಅಂದರು. ನಾನು ಬಾಯಿಗೆ ಬಂದ ಹಾಗೆ ಜಗಳವಾಡಿ ಇಬ್ಬರು ಗಿರಾಕಿಗಳನ್ನು ಕಳೆದುಕೊಂಡೆ, ಅದರಿಂದ ಯಾರಿಗೂ ಏನೂ ಪ್ರಯೋಜನವಾಗಲಿಲ್ಲ.

ತಕ್ಕಡಿಯಮ್ಮ ಯಾರಿಗೂ ಏನೂ ಹೇಳಲಿಲ್ಲ. ತಕ್ಕಡಿಯನ್ನು ಸ್ಟೂಲಿನಿಂದ ದೂರ, ಮೆಟ್ಟಿಲ ಕಡೆ ಇಟ್ಟರು. ಬಂದವರಿಗೆ "ನೀವೇ ತೂಗ್ಕೊಳ್ಳಿ" ಅನ್ನೋಕೆ ಶುರು ಮಾಡಿದರು. ತಟ್ಟೆ ಮುಟ್ಟುತ್ತಿರಲಿಲ್ಲ. ಕೈ ಎರಡನ್ನೂ ತೊಡೆ ಮೇಲಿಟ್ಟುಕೊಂಡು ಕೂತಿರುವರು. ಅದನ್ನು ನೋಡಿ ನನಗೆ ಆದ ಸಂಕಟ ಅಷ್ಟಿಷ್ಟಲ್ಲ. ಅಕ್ಕ ಬೆಳಿಗ್ಗೆ ಹೊತ್ತು ಓಣಿಗೆ ಬರೋದನ್ನೇ ಬಿಟ್ಟಳು.

ಸಿನಿಮಾ ಬಿಡುಗಡೆಯಾಯಿತು. ಎಲ್ಲೆಲ್ಲೂ ಆ ಮುದುಕಿಯದೇ ಮಾತು. ಮಕ್ಕಳು ಆಟದಲ್ಲಿ "ನಿನ್ನ ನಾಲಿಗೆ ಬಿದ್ದುಹೋಗ" ಅಂತ ನಡುಗಿಸಿ ನಡುಗಿಸಿ ಹೇಳುತ್ತಿದ್ದರು. ಒಂದು ಮಧ್ಯಾಹ್ನ ತಕ್ಕಡಿಯಮ್ಮ ನಮ್ಮ ಬಾಗಿಲಿಗೆ ಬಂದು, ಅಕ್ಕ ಇಲ್ಲದ್ದು ನೋಡಿ, ನನಗೆ "ಆ ಸಿನಿಮಾಗೆ ಕರ್ಕೊಂಡು ಹೋಗ್ತೀಯಾ?" ಅಂದರು.

"ಬೇಡಮ್ಮ, ಅದು ಕೊಲೆ ರಕ್ತ ಇರೋದು."

"ಮಾರ್ಕೆಟ್ಟಲ್ಲಿ ಇದ್ದೋಳು ನಾನು. ನಡಿ."

ಹೋದೆವು. ಮಂಡಿ ನೋವಿಗೆ ಮೆಟ್ಟಿಲು ಹತ್ತೋದು ಕಷ್ಟವಾಯಿತು, ನನ್ನ ಭುಜ ಹಿಡಿದುಕೊಂಡರು. ಪರದೆ ಮೇಲೆ ಯಾವುದೋ ದೇಶದ ಬಿಳಿಕೂದಲಿನ ಹೆಂಗಸು ಬಾಯಿ ತೆರೆದಳು. ಒಳಗಿಂದ ತಕ್ಕಡಿಯಮ್ಮ ಬಂದರು. ಅದೇ ನಡುಕ, ಅದೇ ಏರು, "ಮಗಳು ಅಂದೆನಲ್ಲೇ ನಿನ್ನ." ಪಕ್ಕಕ್ಕೆ ತಿರುಗಿ ನೋಡಿದರೆ ಆಯಮ್ಮನ ತುಟಿಯೂ ಸದ್ದಿಲ್ಲದೆ ಆಡುತ್ತಿತ್ತು. ಹಿಂದಿನ ಸಾಲಿನಲ್ಲಿ ಯಾರೋ "ಈ ಮುದುಕಿ ಯಾವಾಗ ಸಾಯ್ತಾಳೋ" ಅಂದರು. ಕೊನೆಗೆ ಪಕ್ಕದ ಮನೆಯ ಹೆಂಡತಿ ಮುದುಕಿ ತಂದ ಚಾಕುವನ್ನೇ ಕಿತ್ತುಕೊಂಡು ಅವಳನ್ನು ಇರಿದಾಗ ಥಿಯೇಟರಿಗೆ ಥಿಯೇಟರೇ ಸಿಳ್ಳೆ ಹಾಕಿತು, ಚಪ್ಪಾಳೆ ಹೊಡೆಯಿತು. ತಕ್ಕಡಿಯಮ್ಮ ಕುರ್ಚಿಯ ಕೈ ಗಟ್ಟಿಯಾಗಿ ಹಿಡಿದುಕೊಂಡು ಕೂತಿದ್ದರು. ಅಕ್ಕನ ಹೆಸರು ಬರುವ ತನಕ ಏಳಲಿಲ್ಲ. "ಬಂತಾ?" ಅಂದರು. "ಬಂತು" ಅಂದೆ. ಎದ್ದರು.

ನಾವು ಮೆಟ್ಟಿಲು ಹತ್ತುವಾಗ ಅಕ್ಕ ಬಾಗಿಲಲ್ಲಿ ನಿಂತಿದ್ದಳು. ನಮ್ಮ ಕೈಯಲ್ಲಿದ್ದ ಟಿಕೆಟ್ಟಿನ ತುಂಡು ನೋಡಿದ ಕೂಡಲೇ ಬಿಳಿಚಿಕೊಂಡಳು.

"ಚೆನ್ನಾಗಿ ಮಾಡಿದ್ದೀಯ" ಅಂದರು ತಕ್ಕಡಿಯಮ್ಮ, ಹೊಸ್ತಿಲ ಆಚೆಯೇ ನಿಂತು. "ಥೇಟ್ ನಾನೇ. ಜನ ಹೆದರ್ಕೊಂಡ್ರು."

ಅಕ್ಕ ತಲೆ ಎತ್ತಲಿಲ್ಲ.

"ಒಂದು ಕೇಳ್ತೀನಿ. ಬೈದಾದ ಮೇಲೆ ನಾನು ಅತ್ತೆನಲ್ಲ. ಅದನ್ಯಾಕೆ ಹಾಕ್ಲಿಲ್ಲ?"

"ಅಲ್ಲಿ ಅವಳು ಅಳಲ್ಲಮ್ಮ" ಅಂದಳು ಅಕ್ಕ, ಕೇಳಿಸಿತೋ ಇಲ್ಲವೋ ಅನ್ನೋ ಹಾಗೆ. "ಬೈದು ಒಳಗೆ ಹೋಗಿ ಚಾಕು ತರ್ತಾಳೆ. ಅವಳ ತುಟಿ ಆಡದೆ ನಾನು ಏನೂ ಹಾಕೋ ಹಾಗಿಲ್ಲ."

"ಹೌದು, ನೋಡಿದೆ." ಮಂಡಿ ನೀವಿಕೊಂಡರು. "ಅದೊಂದು ಕೇಳಿಸಿದ್ರೆ ಜನ ಅವಳು ಸತ್ತಾಗ ಸಿಳ್ಳೆ ಹಾಕ್ತಿರಲಿಲ್ಲ ಮಗಳೇ."

ಅಕ್ಕ ಅಲ್ಲೇ ಹೊಸ್ತಿಲ ಮೇಲೆ ಕುಸಿದು ಕೂತು ಅಳೋಕೆ ಶುರು ಮಾಡಿದಳು. ತಕ್ಕಡಿಯಮ್ಮ ಬಗ್ಗಿ ಅವಳ ತಲೆ ಮುಟ್ಟೋಕೆ ಕೈ ಚಾಚಿದರು, ಏನನ್ನಿಸಿತೋ, ಅರ್ಧದಲ್ಲೇ ಹಿಂದಕ್ಕೆ ತೆಗೆದುಕೊಂಡರು.

"ಅಳಬೇಡ, ಗಂಟಲು ಕೆಡುತ್ತೆ. ನಾಳೆ ಕೆಲಸಕ್ಕೆ ಹೋಗ್ಬೇಕಲ್ಲ" ಅಂದು, ಓಣಿ ದಾಟಿ ತಮ್ಮ ಮನೆಗೆ ಹೋಗಿ ಬಾಗಿಲು ಹಾಕಿಕೊಂಡರು.